ಶ್ರೀಶೈಲದ ಕಾಲುಹಾದಿ: ಭಯವೆಷ್ಟು, ಅಪಾಯವೆಷ್ಟು?

ಹೋಳಿಯ ಹುಣ್ಣಿಮೆ ಕಳೆದು, ಅಂಗಳದ ಕಲ್ಲಿಗೆ ಹತ್ತಿದ ಬಣ್ಣವು ಇನ್ನೂ ಮಾಸುವ ಮೊದಲೇ, ನಮ್ಮ ಕಡೆಯ ಊರುಗಳಲ್ಲಿ ಬೇರೊಂದು ಸಡಗರವು ಮೊದಲಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳ ಸುತ್ತಲಿನ ಹಳ್ಳಿಹಳ್ಳಿಗಳಿಂದ ಜನರು ಹೆಗಲಿಗೊಂದು ಗಂಟು, ಕೈಗೊಂದು ಕೋಲು ಹಿಡಿದು, ಕಂಬಿಯನ್ನು ಮುಂದಿಟ್ಟುಕೊಂಡು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕಾಗಿ ಕಾಲ್ನಡಿಗೆಯಿಂದ ಹೊರಡುತ್ತಾರೆ. ಹೋಳಿಯಿಂದ ಯುಗಾದಿಗೆ ಹದಿನೈದು ದಿನ. ದಾರಿಯು ಸುಮಾರು ನಾನೂರು ಕಿಲೋಮೀಟರು. ದಿನಕ್ಕೆ ಮೂವತ್ತು ಕಿಲೋಮೀಟರಿಗೆ ಕಡಿಮೆಯಾಗದಂತೆ ನಡೆದರೆ ಮಾತ್ರ ಹಬ್ಬದ ಹೊತ್ತಿಗೆ ಗುಡಿಯ ಬಾಗಿಲನ್ನು ಮುಟ್ಟಬಹುದು. ಇಂದಿನ ಯುವಕರು ಬೆಟ್ಟ ಹತ್ತುವುದನ್ನೂ ಅಡವಿಯಲ್ಲಿ ನಡೆಯುವುದನ್ನೂ ಒಂದು ವಿನೋದವೆಂದು ಬಗೆದು ರಜೆಯ ದಿನಗಳಲ್ಲಿ ದೂರದೂರಕ್ಕೆ ಹೋಗುತ್ತಾರಷ್ಟೆ. ಆ ಹೆಸರೇ ಹುಟ್ಟದಿದ್ದ ಕಾಲದಿಂದ ನಮ್ಮ ಸೀಮೆಯ ಒಕ್ಕಲಿಗನೂ ನೇಕಾರನೂ ಅವರ ಮನೆಯ ಹೆಂಗಸರೂ ಅದಕ್ಕಿಂತ ಹಿರಿದಾದ ನಡಿಗೆಯನ್ನು ವ್ರತವೆಂದು ನಡೆಯುತ್ತ ಬಂದಿದ್ದಾರೆ.

ಬೀಳಗಿ ತಾಲೂಕಿನ ಬಾಡಗಂಡಿಯು ಇಂಥ ಊರುಗಳಲ್ಲೊಂದು. ಕಬ್ಬಿನ ಹೊಲಗಳು, ಸಕ್ಕರೆ ಕಾರಖಾನೆ, ಈಚಿನ ವರ್ಷಗಳಲ್ಲಿ ತಲೆಯೆತ್ತಿರುವ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಅದರ ದವಾಖಾನೆ, ಇವು ಈಗ ಆ ಊರಿನ ಗುರುತುಗಳು. ಬಡಗಣ ದಿಕ್ಕಿಗೆ ಕೃಷ್ಣೆ, ತೆಂಕಣಕ್ಕೆ ಘಟಪ್ರಭೆ. ನಡುವಣ ಈ ನೆಲವು ನೀರಿಗೆ ಬಡವಲ್ಲ. ಆದರೂ ಫಾಲ್ಗುಣದ ಕೊನೆಗೆ ಇಲ್ಲಿಯ ಬಿಸಿಲು ಹೇಗಿರುತ್ತದೆಂಬುದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಂಥ ಬಿಸಿಲಿನಲ್ಲಿ, ಮನೆಯ ಹಿರಿಯನು ಬರಿಗಾಲಿನಲ್ಲಿ ನಡೆಯಲು ಸಿದ್ಧನಾದಾಗ, ಒಳಮನೆಯಲ್ಲಿ ಒಂದು ಮಾತುಕತೆ ಆಗಿಯೇ ಆಗುತ್ತದೆ.

"ಮಾವಾರ, ಈ ವಯಸ್ಸಿನ್ಯಾಗ ಅಷ್ಟು ದೂರ ನಡೀಲಾಕ ಆಗತದೇನ್ರಿ? ಅಡವ್ಯಾಗ ಹುಲಿ ಅದಾವಂತ."

"ನಮ್ಮಪ್ಪ ನಡದಾನ, ನಾನೂ ನಡೀತೀನಿ ಯವ್ವಾ. ಕರಕೊಂಡು ಹೋಗಾಂವ ಮಲ್ಲಯ್ಯ, ನಾವು ಯಾರು?"

ಈ ಪ್ರಶ್ನೆಯಲ್ಲಿ ಅಕ್ಕರೆಯೂ ಉತ್ತರದಲ್ಲಿ ಭಕ್ತಿಯೂ ತುಂಬಿವೆ. ಆದರೆ ಅಪಾಯವು ನಿಜವಾಗಿ ಎಲ್ಲಿದೆಯೆಂಬ ವಿಚಾರವು ಎರಡರಲ್ಲಿಯೂ ಇಲ್ಲ. ಸೊಸೆಯು ಹುಲಿಗೆ ಅಂಜುತ್ತಾಳೆ. ಮಾವನು ಯಾವುದಕ್ಕೂ ಅಂಜುವುದಿಲ್ಲ. ಈ ಹಾದಿಯಲ್ಲಿ ಅಂಜಬೇಕಾದುದಕ್ಕೆ ಅಂಜುವುದನ್ನೂ, ಅಂಜಬಾರದುದಕ್ಕೆ ಅಂಜದಿರುವುದನ್ನೂ ಕಲಿಯುವುದು ಸಾಧ್ಯವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು, ಜನರು ಇಷ್ಟು ಕಷ್ಟಪಟ್ಟು ಅಲ್ಲಿಗೆ ಏಕೆ ಹೋಗುತ್ತಾರೆಂಬುದನ್ನು ತಿಳಿಯಬೇಕು. ಶ್ರೀಶೈಲವು ಇಂದು ಆಂಧ್ರಪ್ರದೇಶದಲ್ಲಿದ್ದರೂ ಕನ್ನಡಿಗರ ಪಾಲಿಗೆ ಅದು ಪರನಾಡಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಹುಡುಕುತ್ತ ಆ ಬೆಟ್ಟಕ್ಕೆ ಓಡಿದ ಕಥೆಯನ್ನು ರಾಘವಾಂಕನು ಕಾವ್ಯವಾಗಿ ಹೇಳಿದ್ದಾನೆ. ಕಲ್ಯಾಣದಿಂದ ಹೊರಟ ಅಕ್ಕಮಹಾದೇವಿಯ ದಾರಿಯೂ ಶ್ರೀಶೈಲದ ಕದಳಿಯಲ್ಲಿಯೇ ಮುಗಿಯಿತೆಂದು ಪರಂಪರೆಯು ನಂಬುತ್ತದೆ. ವೀರಶೈವರ ಪಂಚಪೀಠಗಳಲ್ಲಿ ಒಂದು ಅಲ್ಲಿದೆ. ಇವೆಲ್ಲಕ್ಕಿಂತ ಮಿಗಿಲಾಗಿ, ನಮ್ಮ ಕಡೆಯ ಜನರು ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಎಣಿಸುತ್ತಾರೆ. ಯುಗಾದಿಗೆ ಮಗಳಿಗೆ ಸೀರೆ, ಕುಪ್ಪಸ, ಅರಿಷಿಣ, ಕುಂಕುಮ, ಬಳೆಗಳನ್ನು ಒಯ್ಯುವುದು ತವರಿನವರ ಕರ್ತವ್ಯವಲ್ಲವೇ? ನಲ್ಲಮಲೆಯ ಅಡವಿಯಲ್ಲಿ ವಾಸಿಸುವ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಹೇಳಿಕೊಳ್ಳುತ್ತಾರೆ. ದೇವರ ನಂಟಸ್ತಿಕೆಯಲ್ಲಿ ಹೀಗೆ ಇಬ್ಬರಿಗೂ ಪಾಲು ದೊರೆತಿದೆ.

ಇನ್ನೊಂದು ಸಂಗತಿಯನ್ನು ನೆನೆದರೆ ಮನಸ್ಸಿಗೆ ಸಂತೋಷವಾಗುತ್ತದೆ. ಜಮಖಂಡಿ, ಬೀಳಗಿ ಸೀಮೆಗಳ ಮಗ್ಗುಲಲ್ಲಿ ಹರಿಯುವ ಕೃಷ್ಣೆಯೇ ಆಲಮಟ್ಟಿಯನ್ನೂ ರಾಯಚೂರು ಸೀಮೆಯನ್ನೂ ದಾಟಿ, ತುಂಗಭದ್ರೆಯನ್ನು ಕೂಡಿಕೊಂಡು, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆಯೆನಿಸಿಕೊಳ್ಳುತ್ತಾಳೆ. ಯಾತ್ರಿಕನು ತನ್ನ ಊರಿನ ಹೊಳೆಯಲ್ಲಿ ಮಿಂದು ಹೊರಟು, ಹದಿನೈದನೆಯ ದಿನ ಅದೇ ಹೊಳೆಯಲ್ಲಿ ಮತ್ತೆ ಮೀಯುತ್ತಾನೆ. ನಡುವೆ ನದಿಯು ಒಂದು ದಾರಿಯನ್ನು ಹಿಡಿದರೆ ಇವನು ಇನ್ನೊಂದನ್ನು ಹಿಡಿಯುತ್ತಾನೆ, ಅಷ್ಟೇ.

ಆ ದಾರಿಯಲ್ಲಿ ಎರಡು ಭಾಗಗಳುಂಟು. ಮೊದಲನೆಯದು ಬಯಲು. ಹುನಗುಂದ, ಲಿಂಗಸುಗೂರು, ರಾಯಚೂರುಗಳ ಸೀಮೆಗಳನ್ನು ಹಾಯ್ದು, ಕರ್ನೂಲಿನ ಕಡೆಗೆ ಇಳಿದು, ಆತ್ಮಕೂರನ್ನು ಸೇರುವವರೆಗೆ ಹೆಚ್ಚಾಗಿ ಡಾಂಬರಿನ ರಸ್ತೆಯೇ. ಒಂದೊಂದು ಊರಿನವರು ಒಂದೊಂದು ಒಳದಾರಿಯನ್ನು ಹಿಡಿಯುವರಾದರೂ ಒಟ್ಟು ದಿಕ್ಕು ಇದೇ. ಈ ಬಯಲಿನ ಉದ್ದಕ್ಕೂ ನಡೆಯುವ ದಾಸೋಹವನ್ನು ಕಣ್ಣಾರೆ ಕಂಡೇ ನಂಬಬೇಕು. ಹಳ್ಳಿಯವರು ರಸ್ತೆಯ ಬದಿಗೆ ಚಪ್ಪರ ಹಾಕಿ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆಗಳನ್ನು ಇಟ್ಟುಕೊಂಡು, ಊಟಮಾಡಿ ಹೋಗಿರೆಂದು ಕೈಹಿಡಿದು ಕರೆಯುತ್ತಾರೆ. ಬೊಬ್ಬೆಯೆದ್ದ ಕಾಲುಗಳಿಗೆ ಬಿಸಿನೀರನ್ನೂ ಎಣ್ಣೆಯನ್ನೂ ತಂದುಕೊಡುತ್ತಾರೆ. ಯಾತ್ರಿಕರಲ್ಲಿ ಹರಕೆಗಾಗಿ ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ.

ಎರಡನೆಯ ಭಾಗವು ಅಡವಿ. ಆತ್ಮಕೂರಿನಾಚೆ ವೆಂಕಟಾಪುರವೆಂಬ ಹಳ್ಳಿಯನ್ನು ಬಿಟ್ಟಮೇಲೆ ಡಾಂಬರು ತಪ್ಪಿ ನಲ್ಲಮಲೆಯ ಕಾಲುದಾರಿಯು ಮೊದಲಾಗುತ್ತದೆ. ವಾಹನದಲ್ಲಿ ಹೋಗುವವರು ದೋರ್ನಾಲದ ಮೇಲಿಂದ ಘಟ್ಟವನ್ನು ಹತ್ತುತ್ತಾರೆ; ನಡೆಯುವವರು ಈ ಹಳೆಯ ದಾರಿಯನ್ನೇ ಹಿಡಿಯುತ್ತಾರೆ. ವೀರಭದ್ರನ ಗುಡಿಯಿರುವ ನಾಗಲೂಟಿ, ಅಲ್ಲಿಂದ ಕಲ್ಲಿನ ಮೆಟ್ಟಿಲುಗಳ ಏರು, ಕೆರೆಯ ದಡದ ಪೆದ್ದಚೆರುವು, ಆಮೇಲೆ ಭೀಮನಕೊಳ್ಳ, ಕೊನೆಗೆ ಕೈಲಾಸದ ಬಾಗಿಲು: ಹೀಗೆ ಸುಮಾರು ನಾಲ್ವತ್ತು ಕಿಲೋಮೀಟರಿನ ಹಾದಿ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಆರುನೂರು ವರ್ಷಗಳಿಗಿಂತ ಹೆಚ್ಚಿನ ಕಾಲದಿಂದ ಜನರ ಪಾದಗಳು ಸವೆಯಿಸಿದ ದಾರಿಯಿದು.

ಭೀಮನಕೊಳ್ಳವು ಈ ಹಾದಿಯ ಹೃದಯ. ಎರಡು ಗುಡ್ಡಗಳ ನಡುವೆ ನೆಲವು ಥಟ್ಟನೆ ಬಾಯ್ದೆರೆದಂತೆ ಆಳವಾದ ಕಮರಿ. ಒಂದು ಬದಿಗೆ ಮೆಟ್ಟಿಲುಗಳನ್ನು ಇಳಿದು, ತಳದ ನೀರನ್ನು ಮುಟ್ಟಿ, ಇನ್ನೊಂದು ಬದಿಗೆ ಮತ್ತೆ ಮೆಟ್ಟಿಲುಗಳನ್ನು ಏರಬೇಕು. ಆ ಏರಿನ ತುದಿಯಲ್ಲಿಯೇ ಕೈಲಾಸದ ಬಾಗಿಲು. ದಾರಿಯ ಅತ್ಯಂತ ಕಠಿಣವಾದ ಏರು ಬರುವುದು ಹೀಗೆ ಎಲ್ಲಕ್ಕಿಂತ ಕೊನೆಯಲ್ಲಿ, ಹದಿಮೂರು ಹದಿನಾಲ್ಕು ದಿನ ನಡೆದು ಮೈ ಸೋತ ಮೇಲೆ. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಈಗ ಹುಲಿಯ ಮಾತು. ನಾಗಾರ್ಜುನಸಾಗರ–ಶ್ರೀಶೈಲ ಅರಣ್ಯವು ನಮ್ಮ ದೇಶದ ಹುಲಿ ಸಂರಕ್ಷಣಾ ಪ್ರದೇಶಗಳಲ್ಲಿ ಅತಿ ವಿಸ್ತಾರವಾದುದೆಂದು ಹೆಸರಾದುದು. ಅಲ್ಲಿ ಹುಲಿಯುಂಟು, ಚಿರತೆಯುಂಟು, ಕರಡಿಯೂ ಉಂಟು. ಆದಕಾರಣ ಸೊಸೆಯ ಭಯವು ಕೇವಲ ಕಲ್ಪನೆಯಲ್ಲ. ಆದರೆ ಯುಗಾದಿಯ ಮುಂಚಿನ ದಿನಗಳಲ್ಲಿ, ಅರಣ್ಯ ಇಲಾಖೆಯವರು ಗೊತ್ತುಮಾಡಿದ ಅವಧಿಯಲ್ಲಿ, ಸಾವಿರಾರು ಜನರು ಭಜನೆ ಮಾಡುತ್ತ, ಜಯಘೋಷ ಹಾಕುತ್ತ, ಗಂಟೆ ಬಾರಿಸುತ್ತ ಹೋಗುವಾಗ ಹುಲಿಯು ಆ ಕಡೆಗೆ ಸುಳಿಯಲು ತಾನೇ ಮನಸ್ಸು ಮಾಡುವುದಿಲ್ಲ. ಇಡೀ ಭಾರತದಲ್ಲಿ ಹುಲಿಯಿಂದ ಸತ್ತವರ ಸಂಖ್ಯೆಯು ಒಂದು ವರ್ಷದಲ್ಲಿ ನೂರರ ಆಸುಪಾಸನ್ನು ಮೀರುವುದು ಅಪರೂಪ. ಅವರಲ್ಲಿಯೂ ಬಹುಮಂದಿ ಅಡವಿಯ ಅಂಚಿನಲ್ಲಿ ಒಬ್ಬೊಬ್ಬರಾಗಿ ದನ ಮೇಯಿಸುವವರು, ಸೌದೆ ತರುವವರು.

ಅಂದಮಾತ್ರಕ್ಕೆ ಎಚ್ಚರವು ಬೇಡವೆಂದಲ್ಲ. 2023ನೆಯ ಆಗಸ್ಟ್ ತಿಂಗಳಲ್ಲಿ ತಿರುಮಲೆಯ ಅಲಿಪಿರಿ ಕಾಲುದಾರಿಯಲ್ಲಿ, ದಿನವೂ ಸಾವಿರಾರು ಜನರು ಹತ್ತುವ ಆ ಮೆಟ್ಟಿಲುಗಳ ಬಳಿಯಲ್ಲಿಯೇ, ಹೆತ್ತವರೊಂದಿಗೆ ಬಂದಿದ್ದ ಆರು ವರ್ಷದ ಹೆಣ್ಣುಮಗುವನ್ನು ಚಿರತೆಯು ಕೊಂದಿತು. ಅದಾದಮೇಲೆ ದೇವಸ್ಥಾನದವರು ಚಿಕ್ಕ ಮಕ್ಕಳು ಮಧ್ಯಾಹ್ನದ ನಂತರ ಆ ದಾರಿಯಲ್ಲಿ ಹತ್ತಬಾರದೆಂದು ಕಟ್ಟುಮಾಡಿದರು. ಯಾತ್ರಿಕರಿಗೆ ಕೋಲುಗಳನ್ನೂ ಕೊಟ್ಟರು. ಈ ಘಟನೆಯ ಪಾಠವು ಸ್ಪಷ್ಟವಾಗಿದೆ. ಗುಂಪಿನ ನಡುವೆ ಇರುವ ದೊಡ್ಡವನಿಗೆ ಮೃಗದ ಭಯವು ತೀರ ಕಡಿಮೆ. ಗುಂಪಿನಿಂದ ಹತ್ತು ಮಾರು ಅಗಲಿದ ಮಗುವಿಗೆ, ಕತ್ತಲಾದ ಮೇಲೆ ಒಬ್ಬನೇ ಬಹಿರ್ದೆಸೆಗೆ ಪೊದೆಯ ಹಿಂದೆ ಹೋಗುವವನಿಗೆ ಅದು ನಿಜವಾದ ಭಯವೇ.

ಹಾಗಾದರೆ ಈ ಹಾದಿಯಲ್ಲಿ ಮನುಷ್ಯನನ್ನು ಕೆಡವುವ ಶತ್ರುಗಳು ಯಾರು? ಮೊದಲನೆಯವನು ಸೂರ್ಯ. ನಲ್ಲಮಲೆಯು ಮಲೆನಾಡಿನ ಹಸಿರು ಕಾಡಲ್ಲ. ಎಲೆಯುದುರುವ ಒಣ ಕಾಡು. ಯುಗಾದಿಯ ಹೊತ್ತಿಗೆ ಅಲ್ಲಿಯ ಬಹುತೇಕ ಮರಗಳು ಬೋಳಾಗಿರುತ್ತವೆ. ಅಡವಿಯನ್ನು ಹೊಕ್ಕರೆ ನೆರಳು ಸಿಕ್ಕೀತೆಂದು ಎಣಿಸಿದವನಿಗೆ ಕಾದ ಬಂಡೆಯೂ ಬರಿಯ ಕೊಂಬೆಗಳೂ ಇದಿರಾಗುತ್ತವೆ. ರಾಯಚೂರು, ಕರ್ನೂಲು ಸೀಮೆಗಳ ಬಯಲಿನಲ್ಲಿಯೂ ಆಗ ಬಿಸಿಲಿನ ಕಾವು ನಾಲ್ವತ್ತು ಡಿಗ್ರಿಯನ್ನು ಮುಟ್ಟುವುದುಂಟು.

ಬಿಸಿಲು ಕೊಲ್ಲುವ ಬಗೆಯನ್ನು ಮನೆಯವರೆಲ್ಲರೂ ತಿಳಿದಿರತಕ್ಕದ್ದು. ನಡೆಯುವ ಮೈಯಲ್ಲಿ ಕಾವು ಹುಟ್ಟುತ್ತದೆ. ಬೆವರು ಆರುವುದರಿಂದ ಆ ಕಾವು ಇಳಿಯುತ್ತದೆ. ಬಿಸಿಲಿನಲ್ಲಿ ಏರು ಹತ್ತುವವನ ಮೈಯಿಂದ ಒಂದು ಗಂಟೆಯಲ್ಲಿ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಅದರೊಡನೆ ಉಪ್ಪೂ ಹೋಗುತ್ತದೆ. ಹೋದದ್ದನ್ನು ತುಂಬದಿದ್ದರೆ ನೆತ್ತರಿನ ಮೊತ್ತವು ಕಡಿಮೆಯಾಗಿ ಗುಂಡಿಗೆಯು ಜೋರಾಗಿ ಬಡಿದುಕೊಳ್ಳುತ್ತದೆ. ತಲೆ ಸುತ್ತುತ್ತದೆ, ಮೀನಖಂಡಗಳು ಸೆಡೆತುಕೊಳ್ಳುತ್ತವೆ, ವಾಂತಿ ಬಂದಂತಾಗುತ್ತದೆ. ಇಷ್ಟರಲ್ಲಿಯೇ ಕುಳಿತರೆ ಬದುಕು ಉಂಟು. ಹಾಗೆಯೇ ನಡೆದರೆ ಮೈಯ ಕಾವು ನಾಲ್ವತ್ತು ಡಿಗ್ರಿಯನ್ನು ದಾಟಿ ಮಿದುಳಿಗೆ ತಟ್ಟುತ್ತದೆ. ಆಗ ಮನುಷ್ಯನು ತಡಬಡಿಸಿ ಮಾತನಾಡುತ್ತಾನೆ, ಸಂಬಂಧವಿಲ್ಲದ್ದನ್ನು ಹೇಳುತ್ತಾನೆ, ಕೆಳಗೆ ಬೀಳುತ್ತಾನೆ. ಭಕ್ತರ ನಡುವೆ ಇದರಲ್ಲಿ ಒಂದು ವಿಶೇಷವಾದ ಗಂಡಾಂತರವಿದೆ: ಬಿಸಿಲು ತಟ್ಟಿ ಬಡಬಡಿಸುವವನನ್ನು ಮೈಮೇಲೆ ದೇವರು ಬಂದವನೆಂದು ಸುತ್ತಲಿನವರು ತಿಳಿಯಬಹುದು. ಆ ಹೊತ್ತಿಗೆ ಅವನಿಗೆ ಬೇಕಾದುದು ಕೈಮುಗಿಯುವವರಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ದವಾಖಾನೆಗೆ ಸಾಗಿಸುವವರು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬಾರದು. ಅದು ಉಸಿರಿನ ಕೊಳವೆಗೆ ಇಳಿದೀತು.

ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ. ಮೈಯಲ್ಲಿ ಉಳಿದ ಉಪ್ಪು ಅದರಿಂದ ಇನ್ನಷ್ಟು ತೆಳುವಾಗುತ್ತದೆ. ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಣ್ಣ ಚಮಚ ಸಕ್ಕರೆಯನ್ನೂ ಅರ್ಧ ಸಣ್ಣ ಚಮಚ ಉಪ್ಪನ್ನೂ ಸಪಾಟವಾಗಿ ಅಳೆದು ಕದಡಿದರೆ ತಕ್ಕ ಪಾನೀಯವಾಗುತ್ತದೆ. ನಮ್ಮ ಮನೆಗಳ ಉಪ್ಪು ಹಾಕಿದ ಮಜ್ಜಿಗೆಯೂ ಇದೇ ಕೆಲಸವನ್ನು ಮಾಡುತ್ತದೆ. ದಾಸೋಹದ ತಾಯಂದಿರು ಪುಸ್ತಕ ಓದದೆಯೇ ಈ ವೈದ್ಯವನ್ನು ಬಲ್ಲರು.

ಎರಡನೆಯ ಶತ್ರುವು ರಸ್ತೆಯ ವಾಹನ. ಇದು ಮೊದಲನೆಯವನ ಜೊತೆಗಾರನೆಂದರೂ ಸಲ್ಲುತ್ತದೆ. ಹೇಗೆಂದರೆ, ಬಿಸಿಲಿಗೆ ಹೆದರಿದ ಯಾತ್ರಿಕರು ಬಯಲಿನಲ್ಲಿ ಇರುಳು ನಡೆಯುತ್ತಾರೆ, ಹಗಲು ಮಲಗುತ್ತಾರೆ. ಇದು ವಿವೇಕವೇ. ಆದರೆ ಕತ್ತಲಲ್ಲಿ, ದೀಪವಿಲ್ಲದ ರಸ್ತೆಯ ಅಂಚಿನಲ್ಲಿ, ತೂಕಡಿಸುತ್ತ ನಡೆಯುವವನು ಲಾರಿಯ ಚಾಲಕನಿಗೆ ಕಾಣುವುದು ಕೊನೆಯ ಕ್ಷಣದಲ್ಲಿ. ಆ ಚಾಲಕನೂ ತೂಕಡಿಸುತ್ತಿರಬಹುದು. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಸತ್ತರೆಂದು ಸರಕಾರದ ವರದಿಯು ಹೇಳುತ್ತದೆ. ಅವರಲ್ಲಿ 32,825 ಜನರು ಕಾಲ್ನಡಿಗೆಯವರು. ಎಂದರೆ ದಿನವೊಂದಕ್ಕೆ ಸುಮಾರು ತೊಂಬತ್ತು. ಇದನ್ನು ಹುಲಿಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ, ನಾವು ಅಡವಿಯ ಬಾಗಿಲಲ್ಲಿ ಇಟ್ಟುಕೊಂಡ ಭಯವನ್ನು ನಮ್ಮ ಊರ ಮುಂದಿನ ಡಾಂಬರಿನ ಮೇಲೆಯೇ ಇಟ್ಟುಕೊಳ್ಳಬೇಕಾಗಿತ್ತೆಂದು ತಿಳಿಯುತ್ತದೆ. ರಸ್ತೆಯ ಬಲಬದಿಗೆ, ಇದಿರು ಬರುವ ವಾಹನವು ಕಾಣುವಂತೆ ನಡೆಯುವುದು. ಬಿಳಿಯ ಬಟ್ಟೆ ಉಡುವುದು. ಗುಂಪಿನ ಮುಂದೊಂದು ಹಿಂದೊಂದು ದೀಪವನ್ನು ಹಿಡಿಯುವುದು. ಬೆನ್ನಿನ ಗಂಟಿಗೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸುವುದು. ದಣಿವಾದರೆ ರಸ್ತೆಯಿಂದ ದೂರ ಸರಿದು ಮಲಗುವುದು. ಇವಕ್ಕೆ ಖರ್ಚು ಹೆಚ್ಚಿಲ್ಲ.

ಇಲ್ಲಿಯೇ ಇನ್ನೊಂದು ಸೂಕ್ಷ್ಮವುಂಟು. ಬಯಲಿನಲ್ಲಿ ಇರುಳು ನಡೆದು ಹಗಲು ಮಲಗಲು ರೂಢಿಯಾದವರು ಅಡವಿಯಲ್ಲಿ ಅದನ್ನು ತಿರುಗಿಸಬೇಕಾಗುತ್ತದೆ. ಅಲ್ಲಿ ವಾಹನವಿಲ್ಲ, ಆದರೆ ಇರುಳು ಕಲ್ಲು ಕಾಣುವುದಿಲ್ಲ, ಹಾವು ಕಾಣುವುದಿಲ್ಲ, ಮೃಗಗಳು ಸಂಚರಿಸುವ ಹೊತ್ತೂ ಅದೇ. ಆದುದರಿಂದ ಅಡವಿಯನ್ನು ಹಗಲಿನಲ್ಲಿಯೇ ದಾಟಬೇಕು. ಹಗಲಿನಲ್ಲಿ ದಾಟಬೇಕಾದರೆ ನೀರನ್ನು ಹೊತ್ತೇ ಹೋಗಬೇಕು. ನಸುಕಿನಲ್ಲಿ ಬೆಳಕು ಹರಿಯುತ್ತಲೇ ಹೊರಟು, ಬಿಸಿಲೇರುವ ಮೊದಲು ನೀರಿರುವ ನೆಲೆಯನ್ನು ಮುಟ್ಟಿ, ಇಳಿಹೊತ್ತಿನವರೆಗೆ ತಂಗಿ, ಮತ್ತೆ ನಡೆಯುವುದು ಹಿರಿಯರು ಕಂಡುಕೊಂಡ ಕ್ರಮ. ಒಂದೇ ದಿನದಲ್ಲಿ ಅಡವಿಯನ್ನು ದಾಟಿದೆನೆಂಬ ಹೆಚ್ಚಳಕ್ಕಾಗಿ ನಡುಹಗಲಿನಲ್ಲಿ ಏರು ಹತ್ತುವವರು ತಮ್ಮ ಮೈಯನ್ನೇ ಪಣಕ್ಕೆ ಒಡ್ಡುತ್ತಾರೆ.

ಮೂರನೆಯ ಶತ್ರುವು ಮೈಯೊಳಗೇ ಅಡಗಿದ್ದು ಊರಿನಿಂದಲೇ ಜೊತೆಗೆ ಬರುತ್ತಾನೆ. ಹಿಂದಿನ ತಲೆಯವರು ನಡೆದರಷ್ಟೆ, ನಾವೇಕೆ ನಡೆಯಬಾರದೆಂದು ಕೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹಿಂದಿನವರು ವರ್ಷವಿಡೀ ನಡೆಯುತ್ತಿದ್ದರು. ಇಂದು ಹೊಲಕ್ಕೂ ದ್ವಿಚಕ್ರ ವಾಹನದ ಮೇಲೆ ಹೋಗುವವನು ಹೋಳಿಯ ಮರುದಿನ ಥಟ್ಟನೆ ಮೂವತ್ತು ಕಿಲೋಮೀಟರು ನಡೆದರೆ ಮೈಯು ಹೇಗೆ ತಡೆದೀತು? ಸಿಹಿಮೂತ್ರವೂ ರಕ್ತದ ಒತ್ತಡವೂ ಈಗ ಹಳ್ಳಿಗಳಲ್ಲಿಯೂ ಮನೆಮಾಡಿವೆ. ಬಹುಕಾಲದ ಸಿಹಿಮೂತ್ರದವರಿಗೆ ಪಾದದ ಸ್ಪರ್ಶಜ್ಞಾನವು ಮಂದವಾಗಿರುತ್ತದೆ. ಕಾದ ಡಾಂಬರು ಸುಟ್ಟರೂ, ಮುಳ್ಳು ನೆಟ್ಟರೂ ಅವರಿಗೆ ತಿಳಿಯುವುದಿಲ್ಲ. ಬರಿಗಾಲಿನ ಹರಕೆಯಿಂದಾದ ಒಂದು ಸಣ್ಣ ಬೊಬ್ಬೆಯು ಮಾಯದ ಹುಣ್ಣಾಗಿ, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸುವವರೆಗೆ ಹೋಗಬಹುದು. ಉಪವಾಸವಿದ್ದು ಎಂದಿನಂತೆ ಗುಳಿಗೆ ನುಂಗಿದರೆ ನೆತ್ತರಿನ ಸಕ್ಕರೆಯು ಇಳಿದು ಎಚ್ಚರ ತಪ್ಪೀತು. ಒತ್ತಡಕ್ಕೆಂದು ಕೊಡುವ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸುವುದರಿಂದ ಬಿಸಿಲಿನಲ್ಲಿ ಮೈಯ ನೀರು ಬೇಗನೆ ಬತ್ತುತ್ತದೆ. ಇದಲ್ಲದೆ, ವಯಸ್ಸಾದಂತೆ ನೀರಡಿಕೆಯ ಅರಿವೇ ಕುಂದುತ್ತದೆ. ಮುದುಕನು ನೀರು ಬೇಡವೆಂದರೆ ಅವನ ಮೈಗೆ ನೀರು ಬೇಡವೆಂದು ಅರ್ಥವಲ್ಲ. ಭೀಮನಕೊಳ್ಳದ ಏರು ಕೊನೆಗೆ ಬರುತ್ತದೆಂದು ಮೇಲೆ ಹೇಳಿದೆವಷ್ಟೆ. ಗುಂಡಿಗೆಯ ಬೇನೆಯಿದ್ದವನಿಗೆ ಅದೇ ನಿಜವಾದ ಪರೀಕ್ಷೆಯ ಸ್ಥಳ.

ಹಾವಿನ ವಿಷಯವಾಗಿ ಎರಡು ಮಾತು ಸಾಕು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನರು ಸತ್ತರೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ನೆಲದ ಮೇಲೆ ಮಲಗುವ ಯಾತ್ರಿಕನು ಮಲಗುವ ಜಾಗವನ್ನು ದೀಪ ಹಿಡಿದು ನೋಡಬೇಕು, ಕತ್ತಲಲ್ಲಿ ಕೋಲನ್ನು ನೆಲಕ್ಕೆ ಬಡಿಯುತ್ತ ನಡೆಯಬೇಕು. ಕಚ್ಚಿದ ಜಾಗವನ್ನು ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟದೆ, ಆ ಅವಯವವನ್ನು ಅಲುಗಿಸದೆ, ವಿಷಕ್ಕೆ ಪ್ರತಿಯಾದ ಚುಚ್ಚುಮದ್ದು ಇರುವ ದವಾಖಾನೆಗೆ ಒಯ್ಯಬೇಕು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆಯು ಉಳಿಯುತ್ತದೆ. ಲಕ್ಷಾಂತರ ಜನರು ಹೋಗಿ ಬರುವ ಹಾದಿಯು ಅಷ್ಟರಮಟ್ಟಿಗೆ ಸುರಕ್ಷಿತವೆಂದು ತಿಳಿಯಬಾರದೇ? ಜನಪ್ರಿಯತೆಯನ್ನು ನಿರ್ಭಯತೆಯೆಂದು ತಿಳಿಯುವುದೇ ಈಗಿನ ಕಾಲದ ದೊಡ್ಡ ಭ್ರಾಂತಿ. ಜನರು ಹೆಚ್ಚಾದರೆ ದಾರಿ ತಪ್ಪುವ ಭಯವೂ ಮೃಗದ ಭಯವೂ ಕಡಿಮೆಯಾಗುತ್ತವೆ, ನಿಜ. ಆದರೆ ಬಿಸಿಲಿನ ಕಾವು ಜನರನ್ನು ನೋಡಿ ಇಳಿಯುವುದಿಲ್ಲ. ಒಬ್ಬನ ಗುಂಡಿಗೆಗೆ ಸಾವಿರ ಜನರ ಗುಂಡಿಗೆಗಳು ಬಲ ಕೊಡುವುದಿಲ್ಲ. ಕುಡಿಯುವ ನೀರು ಬೇಗ ತೀರುತ್ತದೆ, ಇದ್ದದ್ದು ಬೇಗ ಕೆಡುತ್ತದೆ. ಕಡಿದಾದ ಮೆಟ್ಟಿಲುಗಳ ಮೇಲೆ ಒಬ್ಬನ ಕಾಲು ಜಾರಿದರೆ ಕೆಳಗಿನ ನಾಲ್ಕು ಜನರೂ ಉರುಳುತ್ತಾರೆ. ಬದಿಗೆ ಕುಳಿತವನನ್ನು ಕಂಡು, ದಣಿವಾರಿಸಿಕೊಳ್ಳುತ್ತಿದ್ದಾನೆಂದು ಎಲ್ಲರೂ ಮುಂದೆ ಸಾಗುತ್ತಾರೆ. ಯಾರಾದರೂ ವಿಚಾರಿಸಿಯಾರೆಂದು ಪ್ರತಿಯೊಬ್ಬನೂ ಎಣಿಸುವುದರಿಂದ ಯಾರೂ ವಿಚಾರಿಸುವುದಿಲ್ಲ.

ವಿನೋದಕ್ಕಾಗಿ ಹತ್ತುವ ಬೆಟ್ಟಗಳಲ್ಲಿಯೂ ಇದೇ ಸ್ಥಿತಿ. ದಕ್ಷಿಣದಲ್ಲಿ ಸುಬ್ರಹ್ಮಣ್ಯದ ಮೇಲಣ ಕುಮಾರಪರ್ವತವು 1,712 ಮೀಟರು ಎತ್ತರದ್ದು. ಹತ್ತಲು ಕಠಿಣವಾದುದೆಂದು ಪ್ರಸಿದ್ಧವಾದುದು. 2024ನೆಯ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸಾವಿರಾರು ಜನರು ಒಮ್ಮೆಗೇ ನೆರೆದರು. ಅದನ್ನು ಕಂಡು ಸರಕಾರದವರು ಚಾರಣಗಳನ್ನು ಕೆಲಕಾಲ ತಡೆಹಿಡಿದು, ಮೊದಲೇ ಹೆಸರು ಬರೆಯಿಸಿಕೊಂಡ ಮಿತವಾದ ಸಂಖ್ಯೆಯವರನ್ನು ಮಾತ್ರ ಬಿಡುವ ಏರ್ಪಾಡನ್ನು ತಂದರು. ಅದೇ ವರ್ಷದ ಜೂನ್ ಮೊದಲ ವಾರದಲ್ಲಿ ಕರ್ನಾಟಕದಿಂದ ಉತ್ತರಾಖಂಡದ ಸಹಸ್ತ್ರತಾಲಿಗೆ ಹೋಗಿದ್ದ ಇಪ್ಪತ್ತೆರಡು ಜನರ ತಂಡವು ಹಿಮಗಾಳಿಗೆ ಸಿಕ್ಕಿತು; ಒಂಬತ್ತು ಜನರು ಮರಳಲಿಲ್ಲ. ಸತ್ತವರಲ್ಲಿ ಅರವತ್ತು ಮೀರಿದವರೂ ಇದ್ದರು. ಅವರು ಮಂಜಿನಲ್ಲಿ, ನಮ್ಮವರು ಬಿಸಿಲಿನಲ್ಲಿ ನಡೆಯುವವರಾದರೂ ನಿಯಮವು ಒಂದೇ: ಹೊತ್ತು ಕೆಟ್ಟಾಗ ನಡೆಯುವುದನ್ನು ನಿಲ್ಲಿಸಿ ತಂಗಲು ಜಾಗವೂ ಮನಸ್ಸೂ ಇರಬೇಕು.

ಹಾಗೆಂದು ಹಿರಿಯರನ್ನು ಮನೆಯಲ್ಲಿ ಕೂಡಿಹಾಕಬೇಕೆಂದು ನಾವು ಹೇಳುವುದಿಲ್ಲ. ದಿನವೂ ಕಾಲುಚಾಚಿ ಕುಳಿತೇ ಇರುವುದರಿಂದ ಬರುವ ರೋಗಗಳು ಈ ಹಾದಿಗಿಂತ ಹೆಚ್ಚು ಜನರನ್ನು ಒಯ್ಯುತ್ತಿವೆ. ಹದಿನೈದು ದಿನ ಜಾತಿ, ಅಂತಸ್ತುಗಳ ಗೊಡವೆಯಿಲ್ಲದೆ ಪರರ ಚಪ್ಪರದಲ್ಲಿ ಉಂಡು, ಪರರ ಅಂಗಳದಲ್ಲಿ ಮಲಗಿ, ಮಗಳ ಮನೆಗೆ ಹೋಗುವಂತೆ ದೇವರ ಬಳಿಗೆ ಹೋಗುವ ಈ ಸುಖವನ್ನು ಒಬ್ಬ ಮುದುಕನಿಂದ ಕಿತ್ತುಕೊಳ್ಳುವುದೂ ಒಂದು ಬಗೆಯ ಹಾನಿಯೇ. ಆದುದರಿಂದ ಮನೆಯಲ್ಲಿ ಆಗಬೇಕಾದ ಚರ್ಚೆಯು 'ಹೋಗಬೇಕೇ, ಬೇಡವೇ' ಎಂಬುದಲ್ಲ, 'ಹೇಗೆ ಹೋಗಬೇಕು' ಎಂಬುದು.

ಅದಕ್ಕೆ ಒಂದು ತಿಂಗಳ ಸಿದ್ಧತೆ ಸಾಕು. ಹೋಳಿಗೆ ಹೊರಡುವವರು ಅದಕ್ಕಿಂತ ಒಂದು ತಿಂಗಳು ಮೊದಲೇ ಅದನ್ನು ಮೊದಲುಮಾಡಬೇಕು. ದಿನಕ್ಕೆ ಐದು ಕಿಲೋಮೀಟರಿನಿಂದ ಹಿಡಿದು ಮೆಲ್ಲಮೆಲ್ಲನೆ ನಡಿಗೆಯನ್ನು ಬೆಳೆಸಬೇಕು. ಐವತ್ತು ಮೀರಿದವರು ವೈದ್ಯರಿಗೆ ಮೈ ತೋರಿಸಿ, ಯಾತ್ರೆಯ ದಿನಗಳಲ್ಲಿ ಗುಳಿಗೆಗಳನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಕೇಳಿ ಬರೆಯಿಸಿಕೊಳ್ಳಬೇಕು. ಸಿಹಿಮೂತ್ರದವರು ಬರಿಗಾಲಿನ ಹರಕೆಯನ್ನು ಹೊರಲೇಬಾರದು. ಗುಡಿಯ ಬಾಗಿಲಲ್ಲಿ ಮೆಟ್ಟು ಬಿಟ್ಟರೆ ಮಲ್ಲಯ್ಯನು ಒಲ್ಲೆನೆನ್ನುವುದಿಲ್ಲ. ಹೊಸ ಮೆಟ್ಟನ್ನು ಯಾತ್ರೆಯ ದಿನವೇ ಮೆಟ್ಟಬಾರದು. ಪ್ರತಿಯೊಬ್ಬರ ಜೇಬಿನಲ್ಲಿಯೂ ಹೆಸರು, ಊರು, ಮನೆಯವರ ದೂರವಾಣಿಯ ಸಂಖ್ಯೆ, ಇರುವ ಬೇನೆ, ನುಂಗುವ ಗುಳಿಗೆ, ಇವನ್ನು ಬರೆದ ಚೀಟಿಯಿರಬೇಕು. ಅದು ತೆಲುಗಿನಲ್ಲಿಯೂ ಇದ್ದರೆ ಉತ್ತಮ; ಎಚ್ಚರ ತಪ್ಪಿದವನಿಗೆ ಭಾಷೆ ಬರುವುದಿಲ್ಲ. 108 ಎಂಬ ಸಂಖ್ಯೆಯ ಆಂಬುಲೆನ್ಸು ದಾರಿಯುದ್ದದ ರಾಜ್ಯಗಳಲ್ಲಿ ದೊರೆಯುತ್ತದೆ. ಆದರೆ ಅಡವಿಯ ನಡುವೆ ದೂರವಾಣಿಯು ಮಾತನಾಡದ ಜಾಗಗಳು ಬಹಳ. ಆದಕಾರಣ ನಾಲ್ವರ ಗುಂಪೊಂದು ಕಟ್ಟಿಕೊಂಡು, ಅವರಲ್ಲಿ ಇಬ್ಬರಾದರೂ ಗಟ್ಟಿಮುಟ್ಟಾದವರಿರುವಂತೆ ನೋಡಿಕೊಂಡು, ಎಲ್ಲರಿಗಿಂತ ಮೆಲ್ಲನೆ ನಡೆಯುವವನ ಹೆಜ್ಜೆಗೆ ಎಲ್ಲರ ಹೆಜ್ಜೆಯನ್ನೂ ಹೊಂದಿಸಬೇಕು. ಮಕ್ಕಳ ಕೈಯನ್ನು ಅಡವಿಯಲ್ಲಿ ಬಿಡಲೇಬಾರದು.

ಕೊನೆಯದಾಗಿ ಒಂದು ಮಾತು. ಆತ್ಮಕೂರಿನಿಂದ ವಾಹನವು ಉಂಟು. ಬಯಲನ್ನೆಲ್ಲ ನಡೆದು ಬಂದ ಹಿರಿಯನು ಅಲ್ಲಿ ತನ್ನ ಮೈಯನ್ನು ತಾನೇ ಕೇಳಿಕೊಂಡು, ಬೇಡವೆಂದು ಕಂಡರೆ ವಾಹನವನ್ನೇರಿ ಬೆಟ್ಟವನ್ನು ಸೇರಬಹುದು. ಹೀಗೆ ಮಾಡಿದರೆ ಹರಕೆಯು ಮುರಿಯಿತೆಂದು ನಾಚುವವರೇ ಭೀಮನಕೊಳ್ಳದ ಮೆಟ್ಟಿಲುಗಳ ಮೇಲೆ ಎದೆ ಹಿಡಿದು ಕುಳಿತುಕೊಳ್ಳುವವರು. ಆ ನಾಚಿಕೆಯನ್ನು ಅವರು ಹೊರಡುವ ಮೊದಲೇ ಮನೆಯಲ್ಲಿ ತೆಗೆದುಹಾಕಬೇಕು. ಹಾಗೆ ತೆಗೆಯಬಲ್ಲವರು ಮನೆಯವರು ಮಾತ್ರ. "ನಡೆದಷ್ಟು ನಡೀರಿ, ಆಗದಿದ್ದರ ಗಾಡಿ ಹತ್ತರಿ, ಆದರ ಯುಗಾದಿ ಮುಗಿಸಿಕೊಂಡು ಮನೀಗೆ ಬರ್ರಿ" ಎಂದು ಸೊಸೆಯು ಹೇಳಿ ಕಳುಹಿದರೆ, ಹುಲಿಯ ಹೆಸರು ಹೇಳಿ ತಡೆಯುವುದಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದಂತಾಗುತ್ತದೆ. ತವರಿನಿಂದ ಸೀರೆ ತಂದವರು ಕ್ಷೇಮವಾಗಿ ಮರಳಲೆಂದು ಬಯಸದ ಮಗಳು ಯಾವ ಲೋಕದಲ್ಲಿಯೂ ಇರಲಾರಳು. ಭ್ರಮರಾಂಬೆಯಾದರೂ ಅದನ್ನೇ ಬಯಸುವಳಲ್ಲವೇ?